ಚಾಚಾ ಕೂಗಲಾಗದ ಗೂಡು

ಮೊನ್ನೆ ಚಿಂತಾಮಣಿಯಿಂದ ಬಸ್ಸಿನಲ್ಲಿ ಶಿಡ್ಲಘಟ್ಟಕ್ಕೆ ಹೋಗುತ್ತಿದ್ದೆ. ಊರು ಹತ್ತಿರವಾಗುತ್ತಿದ್ದಂತೆ ರೇಷ್ಮೆಗೂಡು ಬೇಯುವ ವಾಸನೆ ಕಿಟಕಿಯಿಂದ ಒಳನುಗ್ಗಿತು. ಪಕ್ಕದವರು ಮೂಗು ಮುಚ್ಚಿಕೊಂಡರು. ನನಗೆ ಚಾಚಾ ನೆನಪಾದರು...

ವರ್ಷಗಳ ಹಿಂದೆ ನಾನು ಅಲ್ಲಿನ ಒಂದು ಬ್ಯಾಂಕಿನಲ್ಲಿ ಹೊಸ ಆಫೀಸರ್. ಎಷ್ಟು ಹೊಸಬನೆಂದರೆ, ಮೊದಲ ವಾರವೇ ಲಾಕರ್ ಕೋಣೆಯಲ್ಲಿ ನನ್ನನ್ನು ನಾನೇ ಕೂಡಿಹಾಕಿಕೊಂಡ ಮಹಾಪುರುಷ. ಹೊರಬಂದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮ ಹಳೆಯ ಗಿರಾಕಿ ಚಾಚಾ. ಗೂಡು ಬೇಯಿಸಿ ನೂಲು ತೆಗೆಯುವ, ನಾಲ್ಕು ಒಲೆಯ ರೀಲಿಂಗ್ ಮನೆ ಅವರದು.

"ಬೇಟಾ, ನಿನ್ನನ್ನೇ ಲಾಕರ್‌ನಲ್ಲಿಟ್ರೆ ಬಾಡಿಗೆ ಯಾರು ಕಟ್ತಾರೆ?"

ಆ ವರ್ಷ ಎದುರಿಗೇ ಇನ್ನೊಂದು ಬ್ಯಾಂಕ್ ಬಂತು. ಗಾಜಿನ ಬಾಗಿಲು, ಎಸಿ, ಕಡಿಮೆ ಬಡ್ಡಿಗೆ ಸಾಲ. ನಮ್ಮ ಗಿರಾಕಿಗಳು ರಸ್ತೆ ದಾಟತೊಡಗಿದರು. ನಾವೂ ಬಡ್ಡಿ ಇಳಿಸಿದೆವು. ಲಾಭ ಅದಕ್ಕಿಂತ ಬೇಗ ಇಳಿಯಿತು.

"ಬಡ್ಡಿ ಒಂದನ್ನೇ ನಂಬ್ಕೊಂಡ್ರೆ ಬ್ರಾಂಚೇ ಮುಚ್ತಾರೆ ಕಣಪ್ಪ," ಎಂದರು ಮ್ಯಾನೇಜರ್. "ಇನ್ಶೂರೆನ್ಸ್ ಮಾರು, ಕಮಿಷನ್ ಬರ್ಲಿ. ಯಾರ ಅಕೌಂಟಲ್ಲಿ ದುಡ್ಡು ಸುಮ್ನೆ ಮಲ್ಗಿದೆ ನೋಡು."

ಚಾಚಾ ಅವರ ಖಾತೆಯಲ್ಲಿ ಮಲಗಿತ್ತು. ಅದು ಮಲಗಿದ್ದಲ್ಲ, ಒಳ್ಳೆಯ ಬಿಳಿ ಗೂಡಿಗಾಗಿ ಕಾಯುತ್ತಿದ್ದದ್ದು ಎಂದು ಗೂಡಿನ ಮಾರುಕಟ್ಟೆಯ ನಾಯಿಗಳಿಗೂ ಗೊತ್ತಿತ್ತು. ಎಂಬಿಎ ಮಾಡಿದ್ದ ನನಗೆ ಗೊತ್ತಿರಲಿಲ್ಲ. "ಎಫ್‌ಡಿ ಇದ್ದಂಗೇ ಚಾಚಾ, ಬೇಕಾದಾಗ ತಗೋಬಹುದು," ಎಂದೆ, ಫಾರಂ ಓದದೆ. ಅವರೂ ಓದದೆ ಸಹಿ ಹಾಕಿದರು. ಅದು ಇನ್ಶೂರೆನ್ಸ್ ಪಾಲಿಸಿ; ಹಾಕಿದ ಹಣ ಐದು ವರ್ಷ ಮುಟ್ಟುವಂತಿರಲಿಲ್ಲ, ವರ್ಷವರ್ಷ ಕಂತು ಬೇರೆ.

ವಾರ ಕಳೆದು ಚಾಚಾ ಏದುಸಿರು ಬಿಡುತ್ತಾ ಬಂದರು. ಮಾರುಕಟ್ಟೆಯಲ್ಲಿ ಮೊದಲೇ ಹಣ ಕಟ್ಟಿದವರಷ್ಟೇ ಹರಾಜು ಕೂಗಬಹುದು.

"ಗೂಡು ಬಂದೈತೆ ಬೇಟಾ, ದುಡ್ಡು ಬಿಡಿಸ್ಕೊಡು. ಒಲೆ ಆರಿದ್ರೆ ಕೆಲಸದ ಹೆಂಗಸ್ರು ಬೇರೆ ಕಡೆ ಹೋಗ್ಬಿಡ್ತಾರೆ."

ಪಾಲಿಸಿ ರದ್ದು ಮಾಡಿ ಹಣ ವಾಪಸ್ ಪಡೆಯಲು ಇನ್ನೂ ಕೆಲವು ದಿನ ಅವಕಾಶವಿತ್ತು. ಅರ್ಜಿ ಬರೆಸಿಕೊಂಡೆ. "ಮಾರ್ಚ್ ಮುಗಿಯೋವರ್ಗೂ ಕಳಿಸ್ಬೇಡ," ಎಂದರು ಮ್ಯಾನೇಜರ್. ಕಳಿಸಿದರೆ ಕಮಿಷನ್ ಹೋಗುತ್ತಿತ್ತು. ನನ್ನ ನೌಕರಿ ಕಾಯಂ ಆಗುವುದೂ ಅದರ ಮೇಲೆಯೇ ನಿಂತಿತ್ತು. ಡ್ರಾಯರ್‌ನಲ್ಲಿಟ್ಟೆ. ಏಪ್ರಿಲ್‌ನಲ್ಲಿ ತೆಗೆದಾಗ ಗಡುವು ದಾಟಿತ್ತು... ನನ್ನ ಬೇರೆಲ್ಲ ಎಡವಟ್ಟುಗಳನ್ನೂ ತಮಾಷೆ ಮಾಡಿ ಹೇಳಬಲ್ಲೆ. ಇದೊಂದು ಬರುವುದಿಲ್ಲ.

ಒಲೆಗಳು ಒಂದೊಂದಾಗಿ ಆರಿದವು. ಮುಂದಿನ ಕಂತು ಕಟ್ಟಲಾಗದೆ ಪಾಲಿಸಿಯೂ ಸತ್ತಿತು. ಚಾಚಾ ಬೇರೆಯವರ ರೀಲಿಂಗ್ ಮನೆಗೆ ಕೂಲಿಗೆ ಸೇರಿದರು. ನನ್ನ ನೌಕರಿ ಕಾಯಂ ಆಯಿತು. ಒಮ್ಮೆ ಟೀ ಅಂಗಡಿಯಲ್ಲಿ ಸಿಕ್ಕಾಗ ನನ್ನ ಟೀಗೂ ಅವರೇ ದುಡ್ಡು ಕೊಟ್ಟರು.

"ಅರ್ಜಿ ಕಳಿಸಿದ್ದೆ ಅಲ್ವಾ ಬೇಟಾ? ಮೇಲಿನವ್ರು ಒಪ್ಲಿಲ್ವಾ?"

"ಒಪ್ಲಿಲ್ಲ ಚಾಚಾ."

"ಹೋಗ್ಲಿ ಬಿಡು. ನೀನೇನ್ ಮಾಡ್ತೀಯ ಪಾಪ."

ಆಮೇಲೆ ನನಗೆ ಚಿಂತಾಮಣಿಗೆ ವರ್ಗವಾಯಿತು. ವರ್ಷಗಳು ಕಳೆದವು... ಮೊನ್ನೆ ಹೊರಟಿದ್ದು ನಿಜ ಹೇಳಿಬಿಡೋಣ ಎಂದೇ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಗಿಲು ತೆರೆದದ್ದು ಅವರ ಮಗಳು. ಚಾಚಾ ತೀರಿಕೊಂಡು ಎರಡು ತಿಂಗಳಾಗಿತ್ತು.

"ಆ ಬ್ಯಾಂಕಿನ ಅಣ್ಣ ನೀವೇ ಅಲ್ವಾ?" ಎಂದಳು. "ಒಬ್ಬ ಹುಡ್ಗ ನಮಗೋಸ್ಕರ ತುಂಬಾ ಓಡಾಡ್ದ ಅಂತ ಅಬ್ಬಾ ಯಾವಾಗ್ಲೂ ಹೇಳೋರು."

ನಾನು ಬಾಯಿ ತೆರೆದೆ. ಅವಳು ದುಪಟ್ಟಾದಿಂದ ಕುರ್ಚಿ ಒರೆಸಿ, ಕೂತ್ಕೊಳ್ಳಿ ಎಂದಳು.

ಕೂತೆ.