ದೋಣಿಗೆ ಕಟ್ಟಿದ ಲಿಂಗ

ನಾನು ಚಿಕ್ಕವಳಿದ್ದಾಗ ಕಮತಗಿಯ ನಮ್ಮ ಮನೆಯಲ್ಲಿ ಸಮುದ್ರ ಕಂಡವರೇ ಇರಲಿಲ್ಲ. ಅಪ್ಪ ಸಾಲಿ ಮಾಸ್ತರರು. ಹಡಗಿನ ಪಾಠ ಹೇಳುತ್ತಿದ್ದರು, ಹಡಗು ನೋಡಿರಲಿಲ್ಲ. ಒಂದು ಬೇಸಿಗೆ ರಜೆಯಲ್ಲಿ ಅವ್ವನನ್ನೂ ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಕರಾವಳಿಯ ಊರೊಂದಕ್ಕೆ ಹೋದರು. ಅಲ್ಲಿ ಹಡಗು, ದೋಣಿಗಳ ವಸ್ತುಸಂಗ್ರಹಾಲಯವಿತ್ತು.

ಆಗಷ್ಟೇ ನನಗೆ ಲಿಂಗದೀಕ್ಷೆಯಾಗಿತ್ತು. ಕೊರಳಲ್ಲಿ ಶಿವದಾರ, ಅದರಲ್ಲಿ ಬಿಳಿ ಅರಿವೆಯಲ್ಲಿ ಸುತ್ತಿದ ಪುಟ್ಟ ಲಿಂಗ. ಅದು ಮೈಮೇಲಿಲ್ಲದಿದ್ದರೆ ಹನಿ ನೀರೂ ಕುಡಿಯಬಾರದೆಂದು ಅವ್ವ ಹೇಳಿಕೊಟ್ಟಿದ್ದಳು.

ಒಳಗೆ ಹಳೆಯ ಹಗ್ಗ, ಮೀನೆಣ್ಣೆಯ ವಾಸನೆ. ನಡುವೆ ಒಂದು ಮರದ ದೋಣಿ, ಅದರ ಮೂತಿಗೆ ಕುಂಕುಮ, ದಾಸವಾಳ. ಅದು ಹಿಂದೊಮ್ಮೆ ಬಿರುಗಾಳಿಗೆ ಮಗುಚಿತ್ತಂತೆ. ಹೋದವರು ಬರಲಿಲ್ಲ, ದೋಣಿ ಮಾತ್ರ ದಂಡೆಗೆ ಬಂತಂತೆ. ದಿನಾ ಹೂವಿಡುವುದು ತಮ್ಮವರ ಪದ್ಧತಿಯೆಂದು ಕಾವಲಿನ ಅಜ್ಜ ಹೇಳಿದ. ಪಾಪ, ದೋಣಿಗೆ ಯಾರೂ ಲಿಂಗ ಕಟ್ಟಿರಲಿಲ್ಲ, ಅದಕ್ಕೇ ಮಗುಚಿತು ಅಂದುಕೊಂಡೆ. ಎಲ್ಲರೂ ಮುಂದೆ ಹೋದಾಗ ನನ್ನ ಶಿವದಾರ ತೆಗೆದು ಮೂತಿಯ ಮೊಳೆಗೆ ಸಿಕ್ಕಿಸಿದೆ.

ಹೊರಗೆ ಮರದ ಕೆಳಗೆ ಅವ್ವ ರೊಟ್ಟಿಯ ಗಂಟು ಬಿಚ್ಚಿದಳು. ನನ್ನ ಕೊರಳು ನೋಡಿ ಅವಳ ಕೈ ನಿಂತಿತು.

"ಲಿಂಗ ಎಲ್ಲಿ ಐತವಾ?"

ನಾನು ಬಾಯಿ ಬಿಡಲಿಲ್ಲ. ಹೇಳಿದರೆ ತೆಗೆದುಕೊಂಡು ಬಿಡುತ್ತಾರೆ, ದೋಣಿ ಮತ್ತೆ ಮಗುಚುತ್ತದೆ. ಅವ್ವ ಸುಡುವ ಉಸುಕನ್ನು ಬೊಗಸೆಯಿಂದ ಜಾಲಾಡಿದಳು. ಅಪ್ಪ ಬಸ್ ನಿಲ್ದಾಣದವರೆಗೆ ಓಡಿ, ಬರಿಗೈಲೆ ಬಂದರು. ಅಕ್ಕ ಮಾತ್ರ, "ಮೀನಿಗಿ ದೀಕ್ಷಾ ಕೊಟ್ಟು ಬಂದಿ ಏನ?" ಎಂದು ಚುಚ್ಚಿದಳು. ಯಾರೂ ನಗಲಿಲ್ಲ.

ಎದುರಿಗೆ ಸಮುದ್ರದ ತುಂಬ ನೀರು. ನನ್ನ ನಾಲಿಗೆ ಅಂಗುಳಿಗೆ ಅಂಟಿತ್ತು. ಅವ್ವನೂ ಕುಡಿಯಲಿಲ್ಲ. "ಕೂಸು ಒಣಗಿರೂಮುಂದ ನಾ ಹೆಂಗ ಕುಡೀಲಿ?" ಎಂದಳು. ಅವಳ ಒಣತುಟಿ ಒಡೆದು ರಕ್ತ ಜಿನುಗಿತ್ತು. ಅದನ್ನು ನೋಡಿ ಅಳು ಒಡೆಯಿತು, ಎಲ್ಲ ಹೇಳಿಬಿಟ್ಟೆ.

ಓಡಿದೆವು. ಬಾಗಿಲಿಗೆ ಬೀಗ! ಅಜ್ಜ ಊಟಕ್ಕೆ ಹೋಗಿದ್ದ. ಅಪ್ಪ ಕಿಟಕಿಯಲ್ಲಿ ಇಣುಕಿದರು. "ಬರೇ ಹೂವು ಅದಾವು," ಎಂದರು. ಅವ್ವ ಮೆಟ್ಟಿಲ ಮೇಲೆ ಕುಸಿದು, "ಶಿವನೇ, ಕೂಸಿನ ತಪ್ಪು ನನ್ನ ಮ್ಯಾಲ ಹಾಕು," ಎಂದು ನೆಲಕ್ಕೆ ಹಣೆ ಹಚ್ಚಿದಳು.

ಎಷ್ಟೋ ಹೊತ್ತಿಗೆ ಅಜ್ಜ ಬಂದ. ಬೀಗ ತೆಗೆದು ಹೂವಿನ ರಾಶಿ ಸರಿಸಿದ. ಅದರಡಿಯಲ್ಲಿತ್ತು ನನ್ನ ಲಿಂಗ.

"ಯಾರೋ ದೋಣಿಗೆ ತಮ್ಮ ದೇವ್ರನ್ನೇ ಕೊಟ್ಟು ಹೋಗಿದ್ರು. ಅದಕ್ಕೂ ಹೂವಿಟ್ಟೆ," ಎಂದ. ನನ್ನ ಕಡೆ ಬಾಗಿ, "ತಗೊಂಡು ಹೋಗು ಮಗಾ. ಈ ದೋಣಿ ಇನ್ನು ನೀರಿಗಿಳಿಯೂದಿಲ್ಲ," ಎಂದ.

ಅವ್ವ ತಂಬಿಗೆಯ ನೀರಿನಿಂದ ಅಂಗೈಯಲ್ಲಿ ಲಿಂಗ ತೊಳೆದು, ವಿಭೂತಿ ಹಚ್ಚಿ, ನನ್ನ ಕೊರಳಿಗೆ ಹಾಕಿದಳು. ಆಮೇಲೆ ನೀರು ಕೊಟ್ಟಳು. ತಂಬಿಗೆಯ ತಳದ ಬಿಸಿ ನೀರು ಅದು. ದೇವರು ಅಷ್ಟಾದರೂ ಉಳಿಸಿದ್ದ.

ಮಕ್ಕಳೇ, ಸಾಲಿಗೆ ಹೋದರೂ ಆಟಕ್ಕೆ ಹೋದರೂ ನಿಮ್ಮ ಹೆಗಲಿಗೆ ನೀರಿನ ಬಾಟ್ಲಿ ಇರುತ್ತದೆ. ಅರ್ಧ ಕುಡಿದು ಅರ್ಧ ಚೆಲ್ಲುತ್ತೀರಿ. ನಾನು ಬೈಯುವುದಿಲ್ಲ. ಆದರೆ ನೀವು ಮುಚ್ಚಳ ತಿರುವಿದ ಸಪ್ಪಳ ಕೇಳಿದಾಗಲೆಲ್ಲ ನನ್ನ ಕೈ ತಾನಾಗಿ ಕೊರಳಿಗೆ ಹೋಗುತ್ತದೆ.