ಎರಡನೇ ಲೋಟ

ಆ ಲಾಂಡ್ರಿಗೆ ಹೊಸದಾಗಿ ಸೇರಿದವರೆಲ್ಲ ಮೊದಲ ವಾರದಲ್ಲಿ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಟೀ ತಂದವಳೇ ಮೊದಲು ಕುಡಿಯುವುದು ಯಾಕೆ ಅಂತ. ಹನ್ನೊಂದು ಗಂಟೆಗೆ ಟೀಯಕ್ಕ ಸ್ಟೀಲ್ ಕ್ಯಾನಿನ ಮುಚ್ಚಳ ತೆಗೆಯುತ್ತಾಳೆ. ಮನೆಯಲ್ಲೇ ಮಾಡಿ ತಂದ, ಐಸ್ ತೇಲುವ ಸಿಹಿ ಟೀ. ಅದನ್ನು ಮೊದಲು ತನ್ನ ಲೋಟಕ್ಕೇ ಬಗ್ಗಿಸಿಕೊಂಡು, ಎಲ್ಲರ ಎದುರು ನಿಂತು, ಒಂದು ತೊಟ್ಟೂ ಉಳಿಸದೆ ಕುಡಿಯುತ್ತಾಳೆ. ಬೇರೆಯವರಿಗೆ ಕೊಡುವುದೆಲ್ಲ ಆಮೇಲೆ. ಬಾಯ್ಲರಿನ ಪಕ್ಕ ಬೆಂದು ಬಂದ ಹನ್ನೊಂದು ಜನ ಲೋಟ ಹಿಡಿದು ಕಾಯುತ್ತಿರುವಾಗ ಇದೆಂಥ ಅಹಂಕಾರ ಅಂತ ಹೊಸಬರಿಗೆ ಸಿಟ್ಟು ಬರುತ್ತೆ. ಬರಲಿ ಬಿಡಿ, ಗೊತ್ತಿಲ್ಲದವರಿಗೆ ಬರಲೇಬೇಕು. ಮೊದಲು ಹೀಗಿರಲಿಲ್ಲ. ಮೊದಲೆಲ್ಲ ಅವಳು ಎಲ್ಲರಿಗೂ ಕೊಟ್ಟು, ತಳದಲ್ಲಿ ಉಳಿದದ್ದನ್ನು ಕಡೆಗೆ ಕುಡಿಯುತ್ತಿದ್ದಳು.

ಅವಳ ಕೆಲಸ ಟೀ ಮಾಡುವುದಲ್ಲ, ಕಲೆ ತೆಗೆಯುವುದು. ಆಸ್ಪತ್ರೆಗಳಿಂದ, ಹೋಟೆಲುಗಳಿಂದ ಗಂಟುಗಟ್ಟಲೆ ಬರುವ ಚಾದರಗಳಲ್ಲಿ ಯಂತ್ರ ಸೋತ ಕಲೆಗಳೆಲ್ಲ ಅವಳ ಮೇಜಿಗೇ ಬರಬೇಕು. ರಕ್ತಕ್ಕೆ ತಣ್ಣೀರು, ಎಣ್ಣೆಗೆ ಸೋಪಿನ ಹಿಟ್ಟು, ಶಾಯಿಗೆ ಸ್ಪಿರಿಟ್. ಕಲೆ ನೋಡಿದ ತಕ್ಷಣ ಯಾರ ಮನೆಯಲ್ಲಿ ಏನು ಚೆಲ್ಲಿತು ಅಂತ ಹೇಳುವಷ್ಟು ಪಳಗಿದ ಕಣ್ಣು. ತುಕ್ಕಿನ ಕಲೆಗೆ ಮಾತ್ರ ಒಂದು ಬೇರೆ ಪುಡಿ ಇತ್ತು. ಬೆಳ್ಳಗೆ, ಸಣ್ಣ ಸಕ್ಕರೆಯ ಹಾಗೆ ಮಿನುಗುವ ಪುಡಿ. ಅದು ಬೀರುವಿನಲ್ಲಿ, ಬೀಗದೊಳಗೆ. ಅವಳಿಗೆ ಕೆಲಸ ಕಲಿಸಿದ ಹೆಂಗಸು ಮೊದಲ ದಿನವೇ ಕೈಗವಸು ಹಾಕಿಸಿ ಹೇಳಿದ್ದಳು, "ಇದು ಬಾಯಿಗೆ ಹೋದ್ರೆ ಕಿಡ್ನಿ ಹೋಯ್ತು ಅಂತಲೇ ಲೆಕ್ಕ. ಹುಡುಗಾಟ ಅಲ್ಲ, ತಿಳೀತಾ?" ಬೀಗದ ಕೈ ಹದಿನಾಲ್ಕು ವರ್ಷದಿಂದ ಟೀಯಕ್ಕನ ಸೊಂಟದಲ್ಲೇ ಇತ್ತು. ಅಷ್ಟು ನಂಬಿಕೆ ಅವಳ ಮೇಲೆ.

ಇನ್ನು ಟೀ ವಿಷಯ. ಅದರ ಬಗ್ಗೆ ಅವಳಿಗೆ ಸ್ವಲ್ಪ ಜಂಬವಿತ್ತು, ಇಲ್ಲ ಅಂದರೆ ಸುಳ್ಳಾಗುತ್ತೆ. ಬೆಳಗ್ಗೆ ಐದೂವರೆಗೆ ನೀರು ಕುದಿಸಿ, ಒಲೆ ಆರಿಸಿ, ಆಮೇಲೆ ಪುಡಿ ಹಾಕುವುದು. ಪುಡಿಯನ್ನು ಕುದಿಸಿದರೆ ಕಹಿ. ಐದು ನಿಮಿಷಕ್ಕೆ ಸೋಸುವುದು, ಚರಟವನ್ನು ಹಿಂಡಬಾರದು. ಸಕ್ಕರೆ ಬಿಸಿಯಲ್ಲೇ ಕರಗಬೇಕು, ತಣ್ಣಗಾದ ಮೇಲೆ ಹಾಕಿದರೆ ತಳದಲ್ಲಿ ಕೂತು ಮುನಿಸಿಕೊಳ್ಳುತ್ತೆ. ಕಡೆಗೆ ಅರ್ಧ ಚಮಚ ಅಡುಗೆ ಸೋಡಾ. ಅದೇ ಅವಳ ಗುಟ್ಟು. ಸೋಡಾ ಬಿದ್ದರೆ ಒಗರು ಸಾಯುತ್ತೆ, ಬಣ್ಣ ಗಾಢವಾಗುತ್ತೆ. ಟೀಗೆ ತಣ್ಣೀರು ಬೆರೆಸಿ ಆರಲು ಬಿಟ್ಟು, ಹೊರಡುವಾಗ ಬಟ್ಟಲುಗಳಲ್ಲಿ ಗಟ್ಟಿಮಾಡಿದ ಐಸನ್ನು ಕ್ಯಾನಿಗೆ ತಟ್ಟುವುದು. "ಟೀಯಕ್ಕಾ, ನೀನಿಲ್ದೆ ಹೋದ್ರೆ ನಾವೆಲ್ಲ ಇಲ್ಲೇ ಒಣಗಿ ಚಾದರ ಆಗ್ತಿದ್ವಿ" ಅಂತ ಬಟ್ಟೆ ಮಡಿಸುವ ತಾತ ದಿನಾ ಹೇಳುತ್ತಿದ್ದ. ದಿನಾ ಕೇಳಿದರೂ ಅವಳಿಗೆ ಬೇಸರವಾಗುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಮಗಳ ಬಿಳಿ ಶರ್ಟಿಗೆ ಬಟ್ಟೆ ಒಣಹಾಕುವ ತಂತಿಯ ತುಕ್ಕು ಹತ್ತಿತು. ಮಗಳು ಮನೆಯನ್ನೇ ತಲೆ ಮೇಲೆ ಹೊತ್ತುಕೊಂಡಳು. ಊರಿನವರ ಕಲೆಯನ್ನೆಲ್ಲ ತೆಗೆಯುವವಳ ಮಗಳು ಕಲೆ ಹೊತ್ತು ಶಾಲೆಗೆ ಹೋಗುವುದೇ? ಟೀಯಕ್ಕ ಮೊದಲ ಬಾರಿ ಬೀರುವಿನ ಬೀಗ ತೆಗೆದು ತನಗಾಗಿ ಕೈ ಹಾಕಿದಳು. ನಾಲ್ಕು ಚಮಚ ಪುಡಿ ಕಾಗದದಲ್ಲಿ ಸುತ್ತಿ ಬುತ್ತಿ ಚೀಲಕ್ಕೆ ಸೇರಿಸಿದಳು. ಒಂದು ಚಮಚದಲ್ಲಿ ಶರ್ಟು ಬೆಳ್ಳಗಾಯಿತು. ಉಳಿದದ್ದನ್ನು ಎಸೆಯಬೇಕಿತ್ತು, ಎಸೆಯಲಿಲ್ಲ. ಇರಲಿ, ಇನ್ನೊಂದು ಸಲಕ್ಕಾಗುತ್ತೆ ಅಂತ ಖಾಲಿ ಜಾಮ್ ಬಾಟಲಿಗೆ ಸುರಿದು ಮೇಲಿನ ಹಲಗೆಯಲ್ಲಿಟ್ಟು, "ಅತ್ತೇ, ಅದು ತುಕ್ಕಿನ ಪುಡಿ, ಮುಟ್ಟಬೇಡಿ" ಅಂದಳು. ಅಡುಗೆ ಸೋಡಾ ಇದ್ದದ್ದೂ ಜಾಮ್ ಬಾಟಲಿಯಲ್ಲೇ, ಅದೇ ಅಳತೆ, ಅದೇ ಕೆಂಪು ಮುಚ್ಚಳ, ಒಲೆಯ ಪಕ್ಕ. ಬೇರೆ ಬಾಟಲಿ ಸಿಗಲಿಲ್ಲವೇ ಅಂತ ನೀವು ಕೇಳಬಹುದು. ಅವಳೂ ಆಮೇಲೆ ತನ್ನನ್ನು ತಾನೇ ಸಾವಿರ ಸಲ ಕೇಳಿಕೊಂಡಳು.

ಎರಡು ದಿನ ಕಳೆದು, ಬೆಳಗ್ಗೆ ಕರೆಂಟ್ ಹೋಗಿತ್ತು. ಒಲೆಯ ಬೆಳಕಿನಲ್ಲೇ ನೀರು ಕುದಿಸಿದಳು, ಒಲೆ ಆರಿಸಿದ ಮೇಲೆ ಬರೀ ಕತ್ತಲು. ಕೈ ಎಲ್ಲಿಗೆ ಹೋಗಿ ಯಾವ ಬಾಟಲಿ ತಂದಿತೋ, ಅರ್ಧ ಚಮಚ ಹಾಕಿತು. ಕೆಲಸಕ್ಕೆ ಹೋದಳು.

ಹನ್ನೊಂದು ಗಂಟೆ. ಎಲ್ಲರಿಗೂ ಬಗ್ಗಿಸಿ ಆಗಿತ್ತು. ಮಡಿಸುವ ತಾತ ಒಂದು ಗುಟುಕು ಕುಡಿದು ಬಾಯಿ ಚಪ್ಪರಿಸಿದ.

"ಏನಮ್ಮಾ ಇವತ್ತು ಹುಳಿ ಹುಳಿ ಇದೆ? ನಿಂಬೆಹಣ್ಣು ಹಿಂಡಿದ್ಯಾ?"

"ಇಲ್ವಲ್ಲ ತಾತಾ" ಅಂದಳು ಟೀಯಕ್ಕ. ಅವಳು ನಿಂಬೆ ಹಾಕುವುದೇ ಇಲ್ಲ.

ಅಂದ ಮೇಲೆ ಹುಳಿ ಎಲ್ಲಿಂದ ಬಂತು? ತನ್ನ ಲೋಟ ತುಂಬಿಸಿಕೊಂಡು ನಾಲಿಗೆಗೆ ತಾಗಿಸಿ ನೋಡಿದಳು. ಹುಳಿ. ಲೋಟವನ್ನು ಕಿಟಕಿಯ ಕಡೆ ವಾಲಿಸಿದಳು. ಟೀ ದಿನದ ಬಣ್ಣದಲ್ಲಿರಲಿಲ್ಲ, ತಿಳಿಯಾಗಿ ಹೊಂಬಣ್ಣಕ್ಕೆ ತಿರುಗಿತ್ತು. ಸೋಡಾ ಬಿದ್ದರೆ ಟೀ ಕಪ್ಪಾಗುತ್ತೆ. ಆಮ್ಲ ಬಿದ್ದರೆ ತಿಳಿಯಾಗುತ್ತೆ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಟೀ ಕಲೆಯನ್ನು ಆಮ್ಲ ಹಾಕಿ ಬಿಡಿಸುವುದೇ ಅವಳ ಕಸುಬು. ತುಕ್ಕಿನ ಪುಡಿ ಎಂಥ ಆಮ್ಲ ಅಂತಲೂ ಗೊತ್ತಿತ್ತು. ಜಾಮ್ ಬಾಟಲಿ ಕಣ್ಣಮುಂದೆ ಬಂದು ನಿಂತಿತು.

ಅವಳ ಕೈಯಲ್ಲಿದ್ದ ಲೋಟ ತಾನಾಗಿ ಮೋರಿಯ ಕಡೆ ಬಾಗಿತು. ತನ್ನ ಪಾಲಿನ ಟೀಯನ್ನು ಅವಳು ಚೆಲ್ಲಿಬಿಟ್ಟಳು.

ಬಾಯಿ ತೆರೆದು ಕೂಗಬೇಕಿತ್ತು. ಕುಡಿಯಬೇಡಿ ಅನ್ನಬೇಕಿತ್ತು. ಅಂದರೆ ಮುಂದಿನ ಪ್ರಶ್ನೆ ಪುಡಿ ಮನೆಗೆ ಹೇಗೆ ಹೋಯಿತು ಅಂತ. ಲಾಂಡ್ರಿ ನೋಡಿಕೊಳ್ಳುವ ಮೇಸ್ತ್ರಿ ಅಲ್ಲೇ ನಿಂತಿದ್ದ, ಕೈಯಲ್ಲಿ ಲೋಟ ಹಿಡಿದು. ಕಳ್ಳಿ ಅನ್ನಿಸಿಕೊಂಡು ಹೊರಗೆ ಹೋಗಬೇಕು. ಅಲ್ಲದೆ, ಅನುಮಾನ ಸುಳ್ಳೇ ಆಗಿರಬಹುದಲ್ಲ? ಮೊದಲು ಮನೆಗೆ ಹೋಗಿ ನೋಡಿ ಬರೋಣ, ಆಮೇಲೆ ಹೇಳಿದರಾಯಿತು. ಹೆದರಿದ ಮನಸ್ಸು ಎಂಥ ಜಾಣ ವಕೀಲ ನೋಡಿ.

ಅಷ್ಟರಲ್ಲಿ ಇಸ್ತ್ರಿಯವಳು ಲೋಟ ಚಾಚಿಕೊಂಡು ಬಂದಳು. ಇಪ್ಪತ್ತೇಳರ ಹುಡುಗಿ, ಆರು ತಿಂಗಳ ಬಸುರಿ. ಹಿಂದೆ ಎರಡು ಸಲ ನಿಂತ ಗರ್ಭ ಇಳಿದುಹೋಗಿತ್ತು. ಈ ಸಲ ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡೇ ಇಸ್ತ್ರಿ ಮಾಡುತ್ತಿದ್ದಳು.

"ಅಕ್ಕಾ, ಇವತ್ತು ಹುಳಿ ಎಷ್ಟು ಚೆನ್ನಾಗಿದೆ! ಬಾಯಿಗೆ ಹಿತ ಆಗ್ತಿದೆ. ಇನ್ನೊಂದು ಲೋಟ ಕೊಡಿ."

ಟೀಯಕ್ಕ ಕೊಟ್ಟಳು. ಹೌದು, ಕೊಟ್ಟಳು. ಇಲ್ಲ ಅನ್ನಲು ಕಾರಣ ಬೇಕಿತ್ತು, ಕಾರಣ ಬಾಯಿಗೆ ಬರಲಿಲ್ಲ. ಇಸ್ತ್ರಿಯವಳು ಅಲ್ಲೇ ನಿಂತು ಗಟಗಟನೆ ಕುಡಿದಳು. ಅವಳ ಗಂಟಲು ಮೇಲೆ ಕೆಳಗೆ ಆಡುವುದನ್ನು ಟೀಯಕ್ಕ ನೋಡುತ್ತ ನಿಂತಿದ್ದಳು. ಆಮೇಲೆ ಕ್ಯಾನನ್ನು ಮೊಣಕೈಯಿಂದ ಬೀಳಿಸಿ, "ಅಯ್ಯೋ, ಕೈ ಜಾರಿತು" ಅಂದಳು. ಅಷ್ಟು ಹೊತ್ತಿಗೆ ಎಲ್ಲರದ್ದೂ ಒಂದೊಂದು ಲೋಟ ಮುಗಿದಿತ್ತು.

"ಮೇಸ್ತ್ರೀ, ಒಲೆ ಆರಿಸಿ ಬಂದಿಲ್ಲ ಅನ್ಸುತ್ತೆ, ಹೀಗೆ ಹೋಗಿ ಹಾಗೆ ಬರ್ತೀನಿ."

"ಓಡಮ್ಮ ಓಡು, ಮನೆ ಸುಟ್ಟೀತು!"

ಹತ್ತು ನಿಮಿಷದ ದಾರಿ. ಓಡಿದಳು. ಚಪ್ಪಲಿ ಒಂದು ಕಡೆ ಕಿತ್ತುಹೋಯಿತು, ಕೈಯಲ್ಲಿ ಹಿಡಿದು ಓಡಿದಳು. ಅರ್ಧ ಚಮಚ ಹನ್ನೊಂದು ಲೋಟಕ್ಕೆ ಹಂಚಿದರೆ ಎಷ್ಟು? ದೊಡ್ಡವರು ತಡೆದುಕೊಂಡಾರು. ಎರಡು ಲೋಟ ಕುಡಿದವಳು? ಅವಳ ಒಳಗಿರುವುದು? ದೇವರೇ, ನನಗೇನಾದರೂ ಆಗಲಿ, ಆ ಹೊಟ್ಟೆಗೆ ಏನೂ ಆಗದಿರಲಿ ಅಂತ ದಾರಿಯುದ್ದಕ್ಕೂ ಬೇಡಿದಳು. ತನಗೇನೂ ಆಗುವಂತಿರಲಿಲ್ಲ. ತನ್ನ ಲೋಟ ಚೆಲ್ಲಿ ಬಂದಿದ್ದಳಲ್ಲ.

ಮನೆಯೊಳಗೆ ನುಗ್ಗಿ ಸ್ಟೂಲು ಎಳೆದು ಹತ್ತಿ ಮೇಲಿನ ಹಲಗೆಗೆ ಕೈ ಹಾಕಿದಳು. ಬಾಟಲಿ ಇರಲಿಲ್ಲ. ಒಲೆಯ ಪಕ್ಕ ನೋಡಿದರೆ ಒಂದೇ ಒಂದು ಬಾಟಲಿ. ಯಾವುದು ಅದು? ಸೋಡಾವೋ, ಇನ್ನೊಂದೋ?

"ಏನೇ ಅದು, ಬೆಂಕಿ ಬಿದ್ದವಳ ಹಾಗೆ?" ಅತ್ತೆ ಸೊಪ್ಪು ಬಿಡಿಸುತ್ತ ಕೂತಲ್ಲಿಂದಲೇ ಕೇಳಿದಳು.

"ಅತ್ತೇ, ಮೇಲಿದ್ದ ಬಾಟಲಿ ಎಲ್ಲಿ?"

"ತುಕ್ಕಿನ ಪುಡೀನಾ? ನಿನ್ನೆ ಸಾಯಂಕಾಲ ಬಚ್ಚಲಿಗೆ ಸುರಿದೆ. ನಲ್ಲಿ ಕೆಳಗೆ ಎಷ್ಟು ವರ್ಷದ ತುಕ್ಕಿತ್ತು! ನೀನು ಊರಿನವರ ತುಕ್ಕೆಲ್ಲ ತೆಗೀತೀಯ, ಮನೇದು ನಾನೇ ತೆಗೀಬೇಕು."

"ಎಲ್ಲಾ? ಪೂರ್ತಿ ಸುರಿದ್ರಾ?"

"ಪೂರ್ತಿ. ಬಾಟಲಿ ಎಸೆದೆ. ಯಾಕೆ, ಬೈತೀಯಾ?"

"ಟೀ ಹುಳಿ ಇತ್ತು ಅತ್ತೇ..."

"ಇರದೆ ಏನು? ನೀನು ಸ್ನಾನಕ್ಕೆ ಹೋದಾಗ ಎರಡು ನಿಂಬೆಹಣ್ಣು ಹಿಂಡಿದೆ. ದಿನಾ ಆ ಪಾಕ ಕುಡಿದು ಅವರ ಬಾಯಿ ಕೆಟ್ಟಿರುತ್ತೆ ಪಾಪ. ಏನಂದ್ರು, ಚೆನ್ನಾಗಿದೆ ಅಂದ್ರಾ?"

ಟೀಯಕ್ಕ ಬಚ್ಚಲಿಗೆ ಹೋದಳು. ಅತ್ತೆಯ ಬಾಯಿಮಾತು ಅವಳಿಗೆ ಸಾಲದು, ಕಲೆಯನ್ನೇ ನೋಡಬೇಕು. ನಲ್ಲಿಯ ಕೆಳಗೆ, ಅವಳು ಮದುವೆಯಾಗಿ ಬಂದಾಗಿನಿಂದ ಇದ್ದ ಕಂದು ಪಟ್ಟೆ ಮಾಯವಾಗಿತ್ತು. ಕಲ್ಲು ಹೊಸದರಂತೆ ಬೆಳ್ಳಗಿತ್ತು. ಮೂರು ಚಮಚದ ಕೆಲಸ, ಸರಿಯಾಗಿ ಮೂರು ಚಮಚದ್ದೇ. ಕಲ್ಲಿಗೆ ಕೈ ತಾಗಿಸಿ ಅಲ್ಲೇ ಒದ್ದೆ ನೆಲದಲ್ಲಿ ಕುಸಿದು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಹೋದ ಜೀವ ಮರಳಿ ಬಂತು.

ಇಲ್ಲಿಗೇ ಮುಗಿಯಬೇಕಿತ್ತು. ಯಾರಿಗೂ ಏನೂ ಗೊತ್ತಿಲ್ಲ, ಯಾರಿಗೂ ಏನೂ ಆಗಿಲ್ಲ. ಆದರೆ ಲಾಂಡ್ರಿಗೆ ವಾಪಸು ಬಂದಾಗ ಇಸ್ತ್ರಿಯವಳು ಮೋರಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ವಾಂತಿ ಮಾಡುತ್ತಿದ್ದಳು. ಬೆಳಗ್ಗೆ ಏನೂ ತಿಂದಿರಲಿಲ್ಲವಂತೆ, ಖಾಲಿ ಹೊಟ್ಟೆಗೆ ಹುಳಿ, ಮೇಲೆ ಸೆಖೆ. ಹೊಟ್ಟೆ ಹಿಡಿದುಕೊಂಡು, "ಅಕ್ಕಾ, ಹೋದ ಸಲವೂ ಹೀಗೇ ಶುರುವಾಗಿತ್ತು" ಅಂತ ಅಳುತ್ತಿದ್ದಳು. ಮುಖ ಬಿಳಿಚಿಕೊಂಡಿತ್ತು.

ಟೀಯಕ್ಕ ಓಡಿ ಬಂದು ಅವಳ ಬೆನ್ನು ನೀವಿದಳು. "ಹೆದರಬೇಡ ಕಣೇ, ಏನೂ ಆಗಲ್ಲ. ಬರೀ ನಿಂಬೆಹಣ್ಣು ಅದು, ನಮ್ಮತ್ತೆ ಹಿಂಡಿದ್ದು. ನಾನು ನೋಡಿ ಬಂದೆ. ಪುಡಿ ಅಲ್ಲ."

ಇಸ್ತ್ರಿಯವಳು ಅಳು ನಿಲ್ಲಿಸಿ ತಲೆಯೆತ್ತಿದಳು.

"ಯಾವ ಪುಡಿ?"

ಸುಳ್ಳು ಹೇಳಬಹುದಿತ್ತು. ಆ ಕಣ್ಣಿನ ಮುಂದೆ ಆಗಲಿಲ್ಲ. ಶರ್ಟು, ಬೀರು, ಬಾಟಲಿ, ಬಚ್ಚಲು ಎಲ್ಲ ಹೇಳಿದಳು. ಸುತ್ತ ನಿಂತವರೂ ಕೇಳಿಸಿಕೊಂಡರು. ಮಡಿಸುವ ತಾತ ತನ್ನ ಹೊಟ್ಟೆ ಮುಟ್ಟಿ ನೋಡಿಕೊಂಡ. ಮೇಸ್ತ್ರಿ ಕೈ ಚಾಚಿದ, ಅವಳು ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟಳು.

ಇಸ್ತ್ರಿಯವಳು ಕೇಳಿದ್ದು ಒಂದೇ ಮಾತು. "ನನಗೆ ಎರಡನೇ ಲೋಟ ಕೊಡುವಾಗ ನಿಮಗೆ ಅನುಮಾನ ಇತ್ತಾ?"

"ಇತ್ತು."

"ನಿಮ್ಮ ಲೋಟ ಮೋರಿಗೆ ಚೆಲ್ಲಿದ್ದು ನಾನು ನೋಡಿದೆ. ಏನೋ ನೊಣ ಬಿದ್ದಿರಬೇಕು ಅಂದ್ಕೊಂಡೆ" ಅಂದಳು. ಆಮೇಲೆ ಎದ್ದು, ಬೆನ್ನ ಮೇಲಿದ್ದ ಟೀಯಕ್ಕನ ಕೈ ಸರಿಸಿ, ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಆ ಸಂಜೆ ವೈದ್ಯರು ನೋಡಿ, ಮಗು ಚೆನ್ನಾಗಿದೆ, ಹೊತ್ತಿಗೆ ಸರಿಯಾಗಿ ತಿನ್ನಿ ಅಂತ ಹೇಳಿ ಕಳಿಸಿದರು. ಟೀಯಕ್ಕನ ಕೆಲಸವೂ ಉಳಿಯಿತು, ಅವಳಂಥ ಕಣ್ಣು ಮೇಸ್ತ್ರಿಗೆ ಬೇರೆಲ್ಲಿ ಸಿಗಬೇಕು? ಆದರೆ ಅವಳು ಕ್ಯಾನು ತರುವುದನ್ನು ನಿಲ್ಲಿಸಿದಳು. ತಲೆ ತಗ್ಗಿಸಿ ಕಲೆ ಉಜ್ಜುತ್ತಿದ್ದಳು. ಐದನೇ ದಿನ ಇಸ್ತ್ರಿಯವಳೇ ಮೇಜಿನ ಹತ್ತಿರ ಬಂದಳು.

"ಟೀ ಯಾಕೆ ತರ್ತಿಲ್ಲ?"

"ಯಾವ ಮುಖ ಇಟ್ಕೊಂಡು ತರಲಿ?"

"ಮುಖ ಮನೇಲೇ ಇಟ್ಟು ಬನ್ನಿ. ಟೀ ತನ್ನಿ. ಸೆಖೆಗೆ ಎಲ್ಲ ಸಾಯ್ತಿದ್ದಾರೆ."

ಮಾರನೆಯ ದಿನ ತಂದಳು. ಹತ್ತು ಲೋಟಗಳು ಮುಂದೆ ಬಂದವು. ಹನ್ನೊಂದನೆಯದು ಮೇಜಿನ ಮೇಲೆ ಬೋರಲಾಗಿತ್ತು. ಅದರ ಮೇಲೆ ಕೈಯಿಟ್ಟು ಇಸ್ತ್ರಿಯವಳು ಅಂದಳು, "ಮೊದಲು ನೀವು ಕುಡೀರಿ. ಪೂರ್ತಿ." ಟೀಯಕ್ಕ ಕುಡಿದಳು. ಕಡೆಯ ತೊಟ್ಟಿನವರೆಗೆ ಇಸ್ತ್ರಿಯವಳು ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ತನ್ನ ಲೋಟ ಮೇಲಕ್ಕೆ ತಿರುಗಿಸಿದಳು.

ಇದಾಗಿ ಎಂಟು ವರ್ಷ. ಆ ಮಗು ಈಗ ಮೂರನೇ ಕ್ಲಾಸು. ಟೀಯಕ್ಕ ಸೋಡಾವನ್ನು ಗಾಜಿನ ಬಾಟಲಿಯಲ್ಲಿ ಇಡುವುದೇ ಇಲ್ಲ, ಹಾಕುವ ಮೊದಲು ದೀಪದ ಕೆಳಗೆ ಹಿಡಿದು ನೋಡುತ್ತಾಳೆ, ನೋಡಿದ ಮೇಲೂ ಅವಳಿಗೆ ಭಯ. ಹನ್ನೊಂದು ಗಂಟೆಗೆ ತನ್ನ ಲೋಟ ಮುಗಿಸಿ ನಿಲ್ಲುವ ಆ ಒಂದೆರಡು ನಿಮಿಷ ಈಗಲೂ ಅವಳ ಎದೆ ಹೊಡೆದುಕೊಳ್ಳುತ್ತೆ. ಇಸ್ತ್ರಿಯವಳು ಆ ದಿನದ ಮಾತನ್ನು ಮತ್ತೆ ಎತ್ತಿಲ್ಲ. ಇಬ್ಬರೂ ಒಟ್ಟಿಗೆ ಊಟ ಮಾಡುತ್ತಾರೆ, ನಗುತ್ತಾರೆ, ಮಕ್ಕಳ ವಿಷಯ ಮಾತಾಡುತ್ತಾರೆ. ಹಬೆಯ ಸೆಖೆಗೆ ಉಳಿದವರೆಲ್ಲ ಇನ್ನೊಂದು, ಮತ್ತೊಂದು ಅಂತ ಕ್ಯಾನು ಖಾಲಿ ಮಾಡುತ್ತಾರೆ. ಇಸ್ತ್ರಿಯವಳು ಒಂದು ಲೋಟ ಕುಡಿದು, ಅದನ್ನು ತೊಳೆದು ಮತ್ತೆ ಬೋರಲು ಹಾಕುತ್ತಾಳೆ. ಎರಡನೇ ಲೋಟವನ್ನು ಅವಳು ಇವತ್ತಿನವರೆಗೂ ಕೇಳಿಲ್ಲ.