ತಪ್ಪಿದರೆ ಕೈ ಬದಲು

ನಮ್ಮ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವರನ್ನು ಎಲ್ಲರೂ ಸೂಜಿಯಕ್ಕ ಎನ್ನುತ್ತಾರೆ. ಎದುರಿಗೂ ಹಾಗೇ ಕರೆಯುತ್ತಾರೆ, ಅವರಿಗೆ ಬೇಸರವಿಲ್ಲ. ತಂದೆ ಹಾಸಿಗೆ ಹಿಡಿದಾಗ ಓದು ಬಿಟ್ಟು ಈ ಕೆಲಸಕ್ಕೆ ಸೇರಿದವರು, ತಂಗಿಯರನ್ನೆಲ್ಲ ದಡ ಮುಟ್ಟಿಸಿ ಇಲ್ಲೇ ಉಳಿದರು. ಮಕ್ಕಳ ರಕ್ತ ತೆಗೆಯುವುದರಲ್ಲಿ ಅವರದು ಪಳಗಿದ ಕೈ. ಮಕ್ಕಳ ಕೋಣೆಗೆ ಅವರೇ ಒಂದು ನಿಯಮ ಮಾಡಿದ್ದರು: ಒಂದು ಮಗುವಿಗೆ ಒಬ್ಬರು ಒಂದೇ ಸಲ ಚುಚ್ಚಬೇಕು, ತಪ್ಪಿದರೆ ಇನ್ನೊಬ್ಬರ ಕೈಗೆ ಕೊಡಬೇಕು. “ಎರಡನೇ ಸಲ ಚುಚ್ಚೋದು ಸೂಜಿ ಅಲ್ಲ, ನಮ್ಮ ಹಠ” ಎನ್ನುತ್ತಿದ್ದರು.

ನಾನು ಕೆಲಸಕ್ಕೆ ಸೇರಿದಾಗ ನನ್ನ ಮಗಳು ಇನ್ನೂ ಅಂಬೆಗಾಲಿಡುತ್ತಿದ್ದಳು. ದೊಡ್ಡವರ ತೋಳು ನನಗೆ ಲೆಕ್ಕಕ್ಕಿರಲಿಲ್ಲ. ಮಗು ಬಂತೆಂದರೆ ಮಾತ್ರ ಕೈಕಾಲು ತಣ್ಣಗಾಗುತ್ತಿತ್ತು. ಯಾರ ಮಗು ಚೀರಿದರೂ ಅಮ್ಮನ ಹತ್ತಿರ ಬಿಟ್ಟುಬಂದ ನನ್ನವಳೇ ಚೀರಿದಂತೆ. ಮ್ಯಾನೇಜರ್ ಮುಖದ ಮೇಲೆ ಹೊಡೆದಂತೆ ಹೇಳಿದ್ದರು: “ತಿಂಗಳ ಕೊನೆಯೊಳಗೆ ಮಕ್ಕಳದ್ದೂ ತೆಗೀಬೇಕು. ಇಲ್ಲಾಂದ್ರೆ ಕೆಲಸ ಖಾಯಂ ಆಗಲ್ಲ.”

ದಾರಿ ಕಾಣದೆ ಸೂಜಿಯಕ್ಕನನ್ನು ಹಿಡಿದೆ. “ಅಕ್ಕಾ, ಕಲಿಸಿಕೊಡ್ತೀರಾ?”

“ನಾನೇನು ಟ್ಯೂಷನ್ ಇಟ್ಟಿದ್ದೀನಾ? ಬಾಯಿ ಮುಚ್ಕೊಂಡು ಪಕ್ಕದಲ್ಲಿ ನಿಂತ್ಕೋ.”

ನಿಂತೆ. ಊಟದ ಬಿಡುವಿನಲ್ಲಿ ಅವರು ತೋಳು ಚಾಚಿ, “ಕಣ್ಣು ಮುಚ್ಚು, ನರ ಎಲ್ಲಿದೆ ಹೇಳು” ಎನ್ನುತ್ತಿದ್ದರು. ತಪ್ಪಿದರೆ, “ಅದು ಮೂಳೆ ಕಣೇ, ಅದನ್ನ ಚುಚ್ಚಿದ್ರೆ ನಾನು ಎದ್ದು ನಿನ್ನ ಚುಚ್ತೀನಿ.”

ತಿಂಗಳ ಕೊನೆಯ ವಾರ ಜ್ವರದ ಮಗುವೊಂದು ಬಂತು. ರಕ್ತ ತೆಗೆದ ಮೇಲೆಯೇ ಔಷಧಿ ಶುರು ಮಾಡಬೇಕೆಂದು ಡಾಕ್ಟರ್ ಹೇಳಿದ್ದರು. ಅಕ್ಕ ಚುಚ್ಚಿದರು. ರಕ್ತ ಬರಲಿಲ್ಲ. ಸೂಜಿ ಹಿಂದಕ್ಕೆ ತೆಗೆದು ಹತ್ತಿ ಒತ್ತಿ ನನ್ನ ಕಡೆ ತಿರುಗಿದರು.

“ಬಾ, ಇನ್ನೊಂದು ಕೈ ನೋಡು.”

ಮಗುವಿನ ತಾಯಿ ಹೌಹಾರಿದಳು. “ಬೇಡ ಮೇಡಂ, ನೀವೇ ಮಾಡಿ! ಇವರ ಕೈ ನಡುಗ್ತಾ ಇದೆ!”

“ನಡುಗುತ್ತಮ್ಮಾ. ಅವಳ ಮನೇಲೂ ಇಷ್ಟೇ ಉದ್ದದ್ದು ಒಂದಿದೆ. ಚುಚ್ಚುವಾಗ ನಡುಗಲ್ಲ.”

ಅಷ್ಟು ಧೈರ್ಯವಾಗಿ ಅವರು ಹೇಗೆ ಹೇಳಿದರೋ! ನನಗೇ ಆ ನಂಬಿಕೆ ಇರಲಿಲ್ಲ. ಮಗುವಿನ ಮೊಣಕೈಯನ್ನು ಅಕ್ಕನೇ ಬಿಗಿಯಾಗಿ ಹಿಡಿದರು. ಗುಂಡು ಕೈ, ಹೊರಗೆ ಏನೂ ಕಾಣುತ್ತಿರಲಿಲ್ಲ. ಕಣ್ಣು ಮುಚ್ಚಿ ಬೆರಳಿಟ್ಟೆ. ಮಗುವಿನ ಅಳು, ತಾಯಿಯ ಬಿಸಿಯುಸಿರು, ನನ್ನ ಎದೆಬಡಿತ. ಇವುಗಳ ಅಡಿಯಲ್ಲಿ ಮೆತ್ತಗೆ ಪುಟಿಯುವಂಥದ್ದೊಂದು ಬೆರಳಿಗೆ ತಾಗಿತು. ಜಾಗ ಮತ್ತೆ ಒರೆಸಿ ಚುಚ್ಚಿದೆ.

ಕೊಳವೆಯಲ್ಲಿ ಕೆಂಪು ಏರಿತು.

ತಾಯಿ ಮಗು ಹೋದ ಮೇಲೆ ಸಿಂಕಿನ ಬಳಿ ಮೆಲ್ಲಗೆ ಕೇಳಿದೆ: “ನನಗೋಸ್ಕರ ಬೇಕಂತಲೇ ತಪ್ಪಿಸಿದ್ರಾ ಅಕ್ಕಾ?”

ಅವರ ಮುಖ ಕೆಂಪಾಯಿತು. “ಕಂಡವರ ಮಗೂಗೆ ಸುಮ್ನೆ ಚುಚ್ಚೋಕೆ ನನಗೇನು ತಲೆ ಕೆಟ್ಟಿದೆಯಾ? ನನ್ನ ಕೈ ತಪ್ಪಿತು. ನನಗೂ ತಪ್ಪುತ್ತೆ. ಅದಕ್ಕೇ ಇನ್ನೊಬ್ಬಳು ಬೇಕು ಅಂತ ನಿನ್ನ ತಯಾರು ಮಾಡಿದ್ದು. ಮ್ಯಾನೇಜರ್‌ಗೂ ಅದನ್ನೇ ಹೇಳ್ತೀನಿ. ಹೋಗು, ಮುಂದಿನವರನ್ನ ಕರಿ.”

ಬಾಗಿಲು ತೆರೆದೆ. ಬೆಂಚಿನ ಮೇಲೆ ಒಂದು ಪುಟ್ಟ ಹುಡುಗಿ ನನ್ನನ್ನು ನೋಡಿದ್ದೇ ಅಳಲು ಬಾಯಿ ತೆರೆದಳು. ಅವಳ ಟೋಕನ್ ಕೂಗಿದೆ.